ವಿಶ್ವತಂತುವಿನ ಕೊನೆಯುಸಿರು

ಕೆರೆಯ ಕೆಸರು ಒಣಗುವಾಗ ಬಿರುಕು ಬಿಡುವುದನ್ನು ಎಲ್ಲರೂ ಬಲ್ಲರು. ಹುಟ್ಟಿದ ಮರುಗಳಿಗೆಯಲ್ಲೇ ತಣಿಯತೊಡಗಿದ ವಿಶ್ವದಲ್ಲಿಯೂ ಹೊಂದಿಕೆ ತಪ್ಪಿದೆಡೆಗಳಲ್ಲಿ ಅಂತಹ ಬಿರುಕುಗಳು ಉಳಿದಿರಬಹುದೆಂದು ಲಂಡನ್ನಿನ ಟಾಮ್ ಕಿಬಲ್ ಅವರು 1976ರಲ್ಲಿ ತರ್ಕಿಸಿದರು. ಇವೇ ವಿಶ್ವತಂತುಗಳು. ಪರಮಾಣುವಿನ ಬೀಜಕ್ಕಿಂತ ತೆಳು. ಆದರೆ ಗೇಣುದ್ದದ ತಂತುವೇ ಪರ್ವತವನ್ನು ಮೀರಿಸುವ ಭಾರವಿದ್ದೀತು!

ತಂತುವು ತನ್ನನ್ನೇ ಅಡ್ಡಹಾಯ್ದೆಡೆ ಕುಣಿಕೆಯೊಂದು ಕಳಚಿಕೊಳ್ಳುತ್ತದೆ. ಅದಕ್ಕೆ ನೆಮ್ಮದಿಯಿಲ್ಲ. ಬೆಳಕಿನ ವೇಗದ ಸಮೀಪದಲ್ಲಿ ಮಿಡಿಯುತ್ತ, ತನ್ನ ಶಕ್ತಿಯನ್ನು ಗುರುತ್ವದ ಅಲೆಗಳಾಗಿ ಚೆಲ್ಲುತ್ತ, ಕುಗ್ಗಿ ಕುಗ್ಗಿ ಇಲ್ಲವಾಗುತ್ತದೆ. ಕಿರಿದಾದಷ್ಟೂ ಅಲ್ಪಾಯುಷ್ಯ. ಕುಣಿಕೆ ಅಳಿದರೂ ಅಲೆ ಅಳಿಯದು.

ತಂತುವನ್ನು ಈವರೆಗೆ ಕಂಡವರಿಲ್ಲ. ಪಲ್ಸಾರ್ ನಕ್ಷತ್ರಗಳ ಮಿಡಿತವನ್ನು ವರ್ಷಗಟ್ಟಲೆ ಅಳೆದ ವಿಜ್ಞಾನಿಗಳಿಗೆ 2023ರಲ್ಲಿ ಗುರುತ್ವದ ಅಲೆಗಳದೊಂದು ಮಂದ ಗುಂಜಾರವದ ಸುಳಿವು ದೊರೆಯಿತು. ಅದು ದೈತ್ಯ ಕೃಷ್ಣವಿವರಗಳ ಜೋಡಿಗಳದೆಂದೇ ಹಲವರ ಎಣಿಕೆ. ಕುಣಿಕೆಗಳದಿರಬಹುದೆಂಬ ವಾದವಿನ್ನೂ ಬಿದ್ದುಹೋಗಿಲ್ಲ.