ಕಬ್ಬಿನ ಪೆಟ್ರೋಲೂ ಪದ್ಮಿನಿಯ ಕಾರ್ಬೊರೇಟರೂ

ಹೆಡತಲೆ ಎಂಬ ಊರಿನ ಆಚೀಚೆ, ನಂಜನಗೂಡಿನಿಂದ ತಿ. ನರಸೀಪುರದವರೆಗಿನ ಕಬಿನಿ ನಾಲೆಯ ಬಯಲಿನಲ್ಲಿ ಭತ್ತದ ಜೊತೆಗೆ ಕಬ್ಬೂ ಬೆಳೆಯುತ್ತದೆ. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಯಿದೆ, ಅದಕ್ಕೆ ಸೇರಿದ ಡಿಸ್ಟಿಲರಿಯೂ ಇದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಯಿಸಿ ಬಟ್ಟಿ ಇಳಿಸಿದರೆ ಎಥೆನಾಲ್ ಸಿಗುತ್ತದೆ. ಅದು ತೈಲ ಕಂಪನಿಗಳ ಡಿಪೋ ಹೊಕ್ಕು, ಪೆಟ್ರೋಲಿನೊಳಗೆ ಬೆರೆತು, ಬಂಕಿನ ಪೈಪಿನಿಂದ ನಮ್ಮ ಗಾಡಿಗೆ ಇಳಿಯುತ್ತದೆ. ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ 2022ರಲ್ಲಿ ನೂರಕ್ಕೆ 10 ಮುಟ್ಟಿತು. ನೂರಕ್ಕೆ 20 ಬೆರೆಸಿದ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು.

ಹೊಸ ಕಾರಿಗೆ ಇದರಿಂದ ಅಷ್ಟೇನೂ ತಲೆನೋವಿಲ್ಲ. ಸೈಲೆನ್ಸರಿನ ದಾರಿಯಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಹೊಗೆ ಮೂಸಿ ನೋಡುತ್ತದೆ, ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತದೆ. ಪೇಚಿಗೆ ಸಿಕ್ಕಿರುವುದು ಪ್ರೀಮಿಯರ್ ಪದ್ಮಿನಿಯಂಥ ಹಳೇ ಗಾಡಿ. ಅದರ 1089 ಸಿಸಿ ಎಂಜಿನ್ನಿಗೆ ಉಣಿಸುವುದು ಸೋಲೆಕ್ಸ್ ಕಾರ್ಬೊರೇಟರ್. ಅದಕ್ಕೆ ಕಣ್ಣೂ ಇಲ್ಲ, ಮೂಗೂ ಇಲ್ಲ. ತೂತಿನಷ್ಟು ಬಿಡುತ್ತದೆ, ಬಿಡುತ್ತಿರುವುದೇನು ಎಂಬುದು ಅದಕ್ಕೆ ತಿಳಿಯದು.

ಒಳಗೆ ನಡೆಯುವ ಕೆಲಸ ಸರಳ. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ ನಡುವಿನಲ್ಲಿ ಸಣ್ಣದಾಗಿದೆ. ನಾಲೆಯ ನೀರು ತೂಬಿನಲ್ಲಿ ನುಗ್ಗುವಂತೆ ಗಾಳಿ ಅಲ್ಲಿ ರಭಸಗೊಳ್ಳುತ್ತದೆ. ರಭಸ ಹೆಚ್ಚಿದ ಕಡೆ ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಮಾತ್ರ ಹೊರಗಿನ ಗಾಳಿಯ ಪೂರ್ತಿ ಒತ್ತಡವಿರುತ್ತದೆ. ಹಾಗಾಗಿ ಪೆಟ್ರೋಲ್, ಹಿತ್ತಾಳೆಯ ಪುಟ್ಟ ತುಂಡಾದ ಜೆಟ್‌ನ ತೂತಿನಿಂದ ಮೇಲೇರಿ, ಗಾಳಿಗೆ ಸಿಕ್ಕಿ ತುಂತುರಾಗುತ್ತದೆ. ಬಟ್ಟಲಿನ ಮಟ್ಟ ಕಾಯುವುದು ಫ್ಲೋಟ್ ಮತ್ತು ಅದರ ನೀಡಲ್ ವಾಲ್ವ್. ವಾಲ್ವ್ ಸವೆದರೆ ಅಥವಾ ಕಸ ಸಿಕ್ಕಿಕೊಂಡರೆ ಪೆಟ್ರೋಲ್ ಉಕ್ಕುತ್ತದೆ. ಮೆಕ್ಯಾನಿಕ್ಕುಗಳು ಓವರ್‌ಫ್ಲೋ ಎನ್ನುವುದು ಇದಕ್ಕೇ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್‌ಗೆ 9 ಕಿಲೋ ಸಾಕು, ಏಕೆಂದರೆ ಅದರ ಅಣುವಿನಲ್ಲೇ ಆಮ್ಲಜನಕವಿದೆ. ನೂರಕ್ಕೆ 20 ಬೆರೆಸಿದಾಗ ಸರಾಸರಿ 13.5ರ ಹತ್ತಿರ ನಿಲ್ಲುತ್ತದೆ. ಗಾಳಿ ಮೊದಲಿನಷ್ಟೇ, ಜೆಟ್ಟಿನ ತೂತೂ ಮೊದಲಿನಷ್ಟೇ. ಆದ್ದರಿಂದ ಮಿಶ್ರಣ ನೂರಕ್ಕೆ ಏಳೆಂಟರಷ್ಟು ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರುವುದಿಲ್ಲ. ಬೆಳಗ್ಗೆ ಸ್ಟಾರ್ಟ್ ಆಗಲು ಚೋಕ್ ಹೆಚ್ಚು ಹೊತ್ತು ಬೇಕಾಗುವುದು, ಆಕ್ಸಿಲರೇಟರ್ ಒತ್ತಿದಾಗ ಪಿಕಪ್ ತಡವರಿಸುವುದು, ಸ್ಲೋ ಸ್ಪೀಡಿನಲ್ಲಿ ಮಿಸ್ಸಿಂಗ್ ಬರುವುದು ಇದರ ಲಕ್ಷಣಗಳು.

ಇಲ್ಲೊಂದು ತಮಾಷೆಯ ಲೆಕ್ಕವಿದೆ. ಇದೇ ಪದ್ಮಿನಿ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿ ಹತ್ತಿತೆನ್ನಿ. ನಂಜನಗೂಡು ಸೀಮೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದ್ದರೆ ಊಟಿ 2,240 ಮೀಟರ್. ಅಲ್ಲಿಯ ಗಾಳಿ ಇಲ್ಲಿಗಿಂತ ನೂರಕ್ಕೆ 14ರಷ್ಟು ವಿರಳ. ಎಂಜಿನ್ನಿಗೆ ಹೋಗುವ ಗಾಳಿಯ ತೂಕ ಅಷ್ಟೇ ಇಳಿಯುತ್ತದೆ. ಪೆಟ್ರೋಲ್ ಮಾತ್ರ ಅದರ ಅರ್ಧದಷ್ಟು, ನೂರಕ್ಕೆ ಏಳರಷ್ಟು ಇಳಿಯುತ್ತದೆ. ಜೆಟ್ಟಿನ ಹರಿವು ಒತ್ತಡದ ವ್ಯತ್ಯಾಸದ ವರ್ಗಮೂಲವನ್ನು ಹಿಂಬಾಲಿಸುವುದೇ ಅದಕ್ಕೆ ಕಾರಣ. ಹೀಗಾಗಿ ಬೆಟ್ಟದ ಮೇಲೆ ಹಳೇ ಗಾಡಿಗಳು ರಿಚ್ ಆಗಿ, ಅಂದರೆ ಗಾಳಿಗೆ ಮೀರಿ ಪೆಟ್ರೋಲ್ ಕುಡಿದು, ಕಪ್ಪು ಹೊಗೆ ಕಾರುತ್ತಿದ್ದವು. ಎಥೆನಾಲ್ ನೂರಕ್ಕೆ ಏಳೆಂಟು ಲೀನ್ ಮಾಡುತ್ತದೆ, ಊಟಿ ನೂರಕ್ಕೆ ಏಳೆಂಟು ರಿಚ್ ಮಾಡುತ್ತದೆ. ಅಂದರೆ, ಹಳೇ ಪೆಟ್ರೋಲಿಗೆಂದು ನಂಜನಗೂಡಿನಲ್ಲಿ ಟ್ಯೂನ್ ಮಾಡಿದ ಕಾರು ಇಂದಿನ ಪೆಟ್ರೋಲ್ ಕುಡಿದು ಸರಿಯಾಗಿ ಓಡುವುದು ಊಟಿಯಲ್ಲಿ!

ಕೆಳಗಿನ ಬಯಲಿನಲ್ಲೂ ಸರಿಯಾಗಿ ಓಡಬೇಕೆಂದರೆ ಜೆಟ್ ಬದಲಿಸಬೇಕು. ಸೋಲೆಕ್ಸ್ ಜೆಟ್ಟಿನ ಮೇಲಿನ ಅಂಕಿ ತೂತಿನ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಹೇಳುತ್ತದೆ: 120 ಎಂದಿದ್ದರೆ 1.20 ಮಿ.ಮೀ. ಅದರ ಜಾಗಕ್ಕೆ 125 ಹಾಕಿದರೆ ವ್ಯಾಸ ಬೆಳೆಯುವುದು ನೂರಕ್ಕೆ ನಾಲ್ಕು, ತೂತಿನ ವಿಸ್ತೀರ್ಣ ಬೆಳೆಯುವುದು ನೂರಕ್ಕೆ ಎಂಟೂವರೆ. ನಮಗೆ ಬೇಕಾದದ್ದು ಹೆಚ್ಚೂಕಡಿಮೆ ಅಷ್ಟೇ. ಹಳೇ ಜೆಟ್ಟನ್ನೇ ತಂತಿ ಚುಚ್ಚಿ ಅಗಲ ಮಾಡುವವರಿದ್ದಾರೆ. ಹಿತ್ತಾಳೆ ಮೆದು, ಕಣ್ಣಿಗೆ ಕಾಣದ ಒಂದು ಗೀರು ಇಡೀ ಲೆಕ್ಕವನ್ನು ಕೆಡಿಸುತ್ತದೆ. ಜೆಟ್ ತೊಳೆಯಲು ಪೆಟ್ರೋಲ್ ಮತ್ತು ಗಾಳಿಯ ಪೈಪು ಬಿಟ್ಟು ಬೇರೇನೂ ಬೇಡ.

ಆದರೆ ಕಾರ್ಬೊರೇಟರಿಗೆ ಕೈ ಹಾಕುವುದು ಕೊನೆಗೆ. ಟ್ಯಾಪೆಟ್ ಗ್ಯಾಪು, ಕಾಂಟ್ಯಾಕ್ಟ್ ಪಾಯಿಂಟ್, ಟೈಮಿಂಗ್ ಇವುಗಳಲ್ಲಿ ಒಂದು ತಪ್ಪಿದ್ದರೂ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನವಿಲ್ಲ. ಕಾರ್ಬೊರೇಟರಿನ ತಲೆಗೆ ಕಟ್ಟುವ ದೂರುಗಳಲ್ಲಿ ಎಷ್ಟೋ ಡಿಸ್ಟ್ರಿಬ್ಯೂಟರಿನವು. ಅದಾದ ಮೇಲೆ ಏರ್ ಲೀಕ್ ನೋಡಬೇಕು. ಕಾರ್ಬೊರೇಟರ್ ಮ್ಯಾನಿಫೋಲ್ಡಿಗೆ ಕೂರುವ ಜಾಗ ಬಿಗಿಸಿ ಬಿಗಿಸಿ ಬಾಗಿರುತ್ತದೆ, ಪ್ಯಾಕಿಂಗ್ ಹರಿದಿರುತ್ತದೆ, ಥ್ರಾಟಲ್ ದಂಡ ಸವೆದು ಅಲ್ಲಾಡುತ್ತಿರುತ್ತದೆ.

ಎಲ್ಲ ಸರಿಯಿದ್ದರೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್ ಕೂರಿಸುವುದು ಕಷ್ಟವಲ್ಲ. ಮಿಕ್ಸ್ಚರ್ ಸ್ಕ್ರೂವನ್ನು ಹಗುರವಾಗಿ ಪೂರ್ತಿ ಒಳಗೆ ಕೂರಿಸಿ ಒಂದೂವರೆ ಸುತ್ತು ಹೊರಗೆ ತೆಗೆಯಿರಿ. ಅಲ್ಲಿಂದ ಎರಡೂ ಕಡೆಗೆ ಚೂರುಚೂರೇ ತಿರುಗಿಸುತ್ತ, ಎಂಜಿನ್ ಅತಿ ನಯವಾಗಿ, ಅತಿ ವೇಗವಾಗಿ ತಿರುಗುವ ಜಾಗ ಹುಡುಕಿ. ಬಳಿಕ ಸ್ಪೀಡ್ ಸ್ಕ್ರೂನಿಂದ ವೇಗ ತಗ್ಗಿಸಿ. ಸೋಲೆಕ್ಸ್‌ನಲ್ಲಿ ಈ ಸ್ಕ್ರೂ ಹೊರಗೆ ಬಂದಷ್ಟೂ ರಿಚ್. ಬೈಕುಗಳ ಏರ್ ಸ್ಕ್ರೂ ಇದಕ್ಕೆ ತದ್ವಿರುದ್ಧ. ಬೈಕಿನಿಂದ ಕಾರಿಗೆ ಬಂದ ಕೈಗಳು ಎಡವುವುದು ಇಲ್ಲೇ. ಒಂದಷ್ಟು ದೂರ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ತಿಳಿಕಂದು ಬಣ್ಣವಿದ್ದರೆ ಸರಿ, ಬಿಳಿಚಿದ್ದರೆ ಲೀನ್, ಮಸಿ ಕೂತಿದ್ದರೆ ರಿಚ್. ಮೈಲೇಜ್ ಮಾತ್ರ ಯಾವ ಟ್ಯೂನಿಂಗಿನಿಂದಲೂ ಹಳೇ ಮಟ್ಟಕ್ಕೆ ಬಾರದು. ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು.

ನನ್ನ ಮಟ್ಟಿಗೆ ಎಥೆನಾಲ್‌ನ ದೊಡ್ಡ ಕಾಟ ಓಡುವ ಕಾರಿಗಲ್ಲ, ನಿಂತ ಕಾರಿಗೆ. ಮದುವೆಗೊಮ್ಮೆ, ದೊಡ್ಡ ಜಾತ್ರೆಗೊಮ್ಮೆ ಹೊರಬರುವ ಪದ್ಮಿನಿಯ ಟ್ಯಾಂಕಿನಲ್ಲಿ ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತೇವ ಮಿತಿ ಮೀರಿದರೆ ನೀರೂ ಎಥೆನಾಲೂ ಕೂಡಿ ತಳಕ್ಕೆ ಇಳಿಯುತ್ತವೆ. ಸತುವಿನ ಮಿಶ್ರಲೋಹದ ಬಟ್ಟಲಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಹಳೇ ರಬ್ಬರ್ ಪೈಪು ಉಬ್ಬುತ್ತದೆ, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಸೆಟೆಯುತ್ತದೆ. ಇವೆರಡನ್ನೂ ಎಥೆನಾಲ್ ತಡೆಯುವ ರಬ್ಬರಿನವಕ್ಕೆ ಬದಲಿಸುವುದು ಜೆಟ್ ಬದಲಿಸುವುದಕ್ಕಿಂತ ತುರ್ತಿನ ಕೆಲಸ, ಏಕೆಂದರೆ ಬಿಸಿ ಎಂಜಿನ್ನಿನ ಮೇಲೆ ಸೋರುವ ಪೆಟ್ರೋಲ್ ಬೆಂಕಿಗೆ ಆಹ್ವಾನ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ, ಟ್ಯಾಂಕಿನಿಂದ ಪಂಪಿಗೆ ಬರುವ ಪೈಪನ್ನು ಬಿಚ್ಚಿ ಅದರ ಬಾಯಿಗೆ ಬಿಗಿಯಾಗಿ ಬೆಣೆ ಹಾಕಿ. ಆಮೇಲೆ ಎಂಜಿನ್ ಚಾಲೂ ಮಾಡಿ, ಬಟ್ಟಲು ಬತ್ತಿ ತಾನೇ ನಿಲ್ಲುವವರೆಗೆ ಬಿಡಿ.