ಗೊರಕೆ ನಡುವೆ ಉಸಿರು ನಿಂತರೆ ಎಚ್ಚರ!

"ನಮ್ಮ ಮನಿಯವರ ಗೊರಕಿ ಆಚಿ ಮಾಳಗಿಗೂ ಕೇಳಸ್ತದ ನೋಡ್ರಿ!" ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಸುವ ಡಾಬಕಾ ಕಡೆ ಇಂಥ ಮಾತು ನಗುವಿನಲ್ಲೇ ಮುಗಿದುಹೋಗುತ್ತದೆ. ಆದರೆ "ನಡುವ ಉಸಿರೇ ನಿಂತಂಗ ಆಗ್ತದ್ರಿ, ಆಮ್ಯಾಲ ದಡಕ್ಕನ ಏಳ್ತಾರ" ಎಂದು ಅದೇ ಹೆಣ್ಣುಮಗಳು ಹೇಳಿದರೆ ನಗಬೇಡಿ. ವೈದ್ಯರಿಗೆ ಬೇಕಾದ ಸುಳಿವು ಆ ಮಾತಿನಲ್ಲೇ ಇದೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಕಿರಿದಾದರೆ ಗೊರಕೆ. ದಾರಿ ಮುಚ್ಚಿಕೊಂಡು 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ಮತ್ತೆ ಮತ್ತೆ ನಿಂತರೆ ಅದು ಸ್ಲೀಪ್ ಆಪ್ನಿಯಾ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ನಿದ್ದೆ ಒಡೆಯುತ್ತದೆ. ಬೆಳಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಬೈಕ್, ಜೀಪ್ ಓಡಿಸುವವರಿಗಂತೂ ಈ ತೂಕಡಿಕೆ ಜೀವಕ್ಕೇ ಕುತ್ತು. ಬಿ.ಪಿ., ಹೃದ್ರೋಗದ ಅಪಾಯವೂ ಹೆಚ್ಚು. 2022ರಲ್ಲಿ ತೀರಿಕೊಂಡ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ಅವರಿಗೂ ಈ ತೊಂದರೆ ಇತ್ತೆಂದು ವೈದ್ಯರು ತಿಳಿಸಿದ್ದರು.

ಪರೀಕ್ಷೆ ಹೇಗೆ?

ಬೀದರಿನ ಬ್ರಿಮ್ಸ್‌ನಂಥ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವೈದ್ಯರಿಗೆ ಮೊದಲು ತೋರಿಸಿ. ನಿದ್ರಾ ಪರೀಕ್ಷೆ ಬೇಕೇ, ಎಲ್ಲಿ ಮಾಡಿಸಬೇಕು ಎಂದು ಅವರನ್ನೇ ಕೇಳಿ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂದು ಆ ಪರೀಕ್ಷೆಯಲ್ಲಿ ಎಣಿಸುತ್ತಾರೆ. ದೊಡ್ಡವರಲ್ಲಿ 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಚಿಕಿತ್ಸೆ ಏನೇನು?

* ಬರೀ ಗೊರಕೆ ಅಥವಾ ಸೌಮ್ಯ ತೊಂದರೆಯಿದ್ದರೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿ ಕುಡಿತ ಬಿಡುವುದು ನೆರವಾಗುತ್ತದೆ. ನಿದ್ದೆ ಮಾತ್ರೆ ನೀವೇ ತಗೋಬೇಡಿ, ತೊಂದರೆ ಹೆಚ್ಚಬಹುದು.
* ಮಧ್ಯಮ, ತೀವ್ರ ಹಂತಕ್ಕೆ ಮುಖ್ಯ ಚಿಕಿತ್ಸೆ ಸಿ-ಪ್ಯಾಪ್. ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ದಾರಿ ತೆರೆದಿಡುವ ಯಂತ್ರ ಇದು. ಇದರ ಮೊದಲ ವರದಿ ಬಂದದ್ದು 1981ರಲ್ಲಿ, ಆಸ್ಟ್ರೇಲಿಯಾದ ಡಾ. ಕಾಲಿನ್ ಸಲಿವನ್ ತಂಡದಿಂದ. ಹಾಕಿಕೊಂಡ ರಾತ್ರಿ ಮಾತ್ರ ಕೆಲಸ ಮಾಡುತ್ತದೆ, ದಿನಾ ಬೇಕು.
* ಮಾಸ್ಕ್ ಒಗ್ಗದ ಕೆಲವರಿಗೆ ದಂತವೈದ್ಯರು ಕೆಳದವಡೆಯನ್ನು ಮುಂದೆ ಹಿಡಿದಿಡುವ ಸಾಧನ ಮಾಡಿಕೊಡುತ್ತಾರೆ.
* ಮಕ್ಕಳ ಗೊರಕೆಗೆ ಹೆಚ್ಚಾಗಿ ಊದಿದ ಟಾನ್ಸಿಲ್, ಅಡಿನಾಯ್ಡ್ ಕಾರಣ. ಆಪ್ನಿಯಾ ಇದ್ದರೆ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಮಕ್ಕಳು ಸುಧಾರಿಸುತ್ತಾರೆ. ದೊಡ್ಡವರಲ್ಲಿ ಆಪರೇಶನ್ ಎಲ್ಲರಿಗೂ ಹೊಂದುವುದಿಲ್ಲ.

ಮಲಗಿದವರಿಗೆ ತಮ್ಮ ಗೊರಕೆ ತಿಳಿಯದು, ಎಚ್ಚರ ಇದ್ದವರೇ ಸಾಕ್ಷಿ. ಇವತ್ತು ರಾತ್ರಿ ಮೊಬೈಲ್‌ನಲ್ಲಿ ಎರಡು ನಿಮಿಷ ವಿಡಿಯೊ ಮಾಡಿ, ನಾಳೆ ಡಾಕ್ಟರಿಗೆ ತೋರಿಸಿ. "ನಾ ಎಲ್ಲಿ ಗೊರಕಿ ಹೊಡಿತೀನಿ?" ಎನ್ನುವವರಿಗೂ ಅದೇ ಉತ್ತರ!