ಕಾಡಿಗೆಗೊಂದು ಗಾಜಿನ ಭರಣಿ

ಹಣತೆಯ ಉರಿಯ ಮೇಲೆ ತಟ್ಟೆಯನ್ನು ಬೋರಲಿಟ್ಟು, ಕಟ್ಟಿದ ಮಸಿಯನ್ನು ತುಪ್ಪದಲ್ಲಿ ಕಲಸಿ, ಕೂಸಿನ ಕಣ್ಣಿಗೆ ತೀಡುತ್ತಿದ್ದ ಅಜ್ಜಿಯರನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಆ ಕಾಡಿಗೆಗೆ ಒಂದು ಪುಟ್ಟ ಡಬ್ಬಿ ಸಾಕಾಗಿತ್ತು. ಸುಮಾರು 3,400 ವರುಷಗಳ ಹಿಂದೆ ಈಜಿಪ್ಟಿನ ಸಿರಿವಂತರ ಮನೆಗಳಲ್ಲಿಯೂ ಕಾಡಿಗೆಯ ಭರಣಿಗಳಿದ್ದವು. ಅವುಗಳಲ್ಲಿ ಕೆಲವು ಗಾಜಿನವು. ಗಾಜೆಂದರೆ ಅಂದು ಅಗ್ಗದ ವಸ್ತುವಲ್ಲ, ರತ್ನಗಳ ಸಾಲಿನಲ್ಲಿ ನಿಲ್ಲುವಂತಹುದು. ತೂತನ್‌ಖಾಮನ್ ದೊರೆಯ ಚಿನ್ನದ ಮುಖವಾಡದಲ್ಲಿ ತಲೆವಸ್ತ್ರದ ನೀಲಿ ಪಟ್ಟೆಗಳು ಗಾಜಿನವೇ ಆಗಿವೆ.

ಗಾಜನ್ನು ಊದಿ ಉಬ್ಬಿಸುವ ವಿದ್ಯೆ ಹುಟ್ಟಿದುದು ಬಹಳ ತಡವಾಗಿ, ಕ್ರಿ.ಪೂ. 1ನೆಯ ಶತಮಾನದಲ್ಲಿ. ಅದಕ್ಕೆ ಮುಂಚಿನ ಕುಶಲಿಗಳು ಲೋಹದ ಕಡ್ಡಿಯ ತುದಿಗೆ ಮಣ್ಣು ಮರಳುಗಳ ಮುದ್ದೆಯನ್ನು ಮೆತ್ತಿ, ಅದರ ಸುತ್ತ ಕಾದ ಗಾಜನ್ನು ಹೊದಿಸುತ್ತಿದ್ದರು. ಮೈ ಇನ್ನೂ ಮೆತ್ತಗಿರುವಾಗಲೇ ಹಳದಿ, ಬಿಳಿ, ತಿಳಿನೀಲಿ ಗಾಜಿನ ಎಳೆಗಳನ್ನು ಸುತ್ತಿ, ಮೊನೆಯಿಂದ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಎಳೆದರೆ ಅಲೆಯಂತಹ ಚಿತ್ತಾರ ಮೂಡುತ್ತಿತ್ತು. ನಮ್ಮ ಹೆಣ್ಣುಮಕ್ಕಳು ರಂಗೋಲಿಯ ಬಣ್ಣದ ಗೆರೆಗಳನ್ನು ಕಡ್ಡಿಯಿಂದ ಎಳೆದು ಎಲೆ ಮೂಡಿಸುವಂತೆಯೇ ಇದೂ! ನಿಧಾನವಾಗಿ ಆರಿಸಿದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆಯುತ್ತಿದ್ದರು. ಕಡುನೀಲಿಗೆ ಕೋಬಾಲ್ಟ್, ತಿಳಿನೀಲಿಗೆ ತಾಮ್ರ, ಹಳದಿಗೆ ಸೀಸ ಮತ್ತು ಆಂಟಿಮನಿ. ಕಾಡಿಗೆಯ ಭರಣಿಗೆ ತಾಳೆಯ ಜಾತಿಯ ಮರವನ್ನು ಹೋಲುವ ಕಂಬದ ಆಕಾರ ಪ್ರಿಯವಾಗಿತ್ತು: ನೀಳ ಕಾಂಡ, ತುದಿಯಲ್ಲಿ ಹೊರಬಾಗಿದ ಗರಿಗಳು, ನಡುವೆ ಕಡ್ಡಿ ಇಳಿಯುವ ಬಾಯಿ.

ಒಳಗಿದ್ದುದು ದೀಪದ ಮಸಿಯಲ್ಲ, ಹೆಚ್ಚಾಗಿ ಸೀಸದ ಅದಿರಿನ ಪುಡಿ. ಗಂಡಸರೂ ಹೆಂಗಸರೂ ಅದನ್ನು ಹಚ್ಚುತ್ತಿದ್ದರು; ಕಣ್ಣುಬೇನೆಗೆ ಮದ್ದೆಂಬ ನಂಬಿಕೆಯೂ ಇತ್ತು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಪ್ರಾಚೀನ ಪಾತ್ರೆಗಳಲ್ಲಿ ಉಳಿದಿದ್ದ ಪುಡಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು 1999ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ನಿಸರ್ಗದಲ್ಲಿ ಅಪರೂಪವಾದ ಎರಡು ಸೀಸದ ಲವಣಗಳು ಅದರಲ್ಲಿದ್ದವು. ಈಜಿಪ್ಟಿನವರು ಅವನ್ನು ಬೇಕೆಂದೇ ತಯಾರಿಸಿದ್ದರು. ಅತ್ಯಲ್ಪ ಪ್ರಮಾಣದಲ್ಲಿ ಅವು ದೇಹದ ರಕ್ಷಣಾಶಕ್ತಿಯನ್ನು ಕೆರಳಿಸಬಹುದೆಂದು 2010ರ ಇನ್ನೊಂದು ಅಧ್ಯಯನ ಸೂಚಿಸಿತು. ಇದನ್ನೋದಿ ಯಾರೂ ಸೀಸವಿರುವ ಸುರ್ಮಾವನ್ನು ಮಕ್ಕಳ ಕಣ್ಣಿಗೆ ಹಚ್ಚಬಾರದು. ಸೀಸ ಎಳೆಯ ಮಿದುಳಿಗೆ ವಿಷ.

ಇಂತಹ ಗಾಜಿನ ಪಾತ್ರೆಗಳಲ್ಲಿ ನನಗೆ ಅತಿ ಮೆಚ್ಚಿನದು ಕಾಡಿಗೆಯದಲ್ಲ, ಬಹುಶಃ ಸುಗಂಧಲೇಪನದ್ದು: ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಗಾಜಿನ ಮೀನು. ನೀಲಿ ಮೈಯ ಮೇಲೆ ಹಳದಿ ಬಿಳಿ ಅಲೆಗಳೇ ಹುರುಪೆಗಳು. ತೆರೆದ ಬಾಯಿಯೇ ಪಾತ್ರೆಯ ಬಾಯಿ. ಈ ಜಾತಿಯ ನೈಲ್ ಮೀನು ಮರಿಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಅದು ಅವರಿಗೆ ಮರುಹುಟ್ಟಿನ ಕುರುಹಾಗಿತ್ತು. ಅಖೆನಾತೆನ್ ದೊರೆ ಕಟ್ಟಿಸಿದ, ಅವನು ತೀರಿದ ಕೆಲವೇ ವರುಷಗಳಲ್ಲಿ ಜನರು ತೊರೆದುಹೋದ ಅಮರ್ನಾ ನಗರದಲ್ಲಿ, ಒಂದು ಮನೆಯ ಗಾರೆನೆಲದ ಅಡಿಯಿಂದ 1921ರಲ್ಲಿ ಅದು ಹೊರಬಂದಿತು.